ರೊಟ್ಟಿ ಹಬ್ಬವೂ ದಾಸೋಹ ಭಾವವೂ

ಶ್ರಾವಣವು ನಮ್ಮ ನಾಡಿನಲ್ಲಿ ಪುರಾಣ-ಪ್ರವಚನಗಳ ಮಾಸವೆಂದು ಪ್ರಸಿದ್ಧವಾಗಿದೆ. ಮಠಗಳಲ್ಲಿ ತಿಂಗಳ ಪರ್ಯಂತ ಶರಣರ ಚರಿತ್ರೆಯ ಶ್ರವಣ ನಡೆಯುತ್ತದೆ. ಭಕ್ತರು ಹಗಲೆಲ್ಲ ಹೊಲದಲ್ಲಿ ದುಡಿದು ಸಂಜೆ ಬಂದು ಕೂಡುತ್ತಾರೆ. ಆದರೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಶ್ರಾವಣ ಬಂತೆಂದು ಮೊದಲು ಸಾರುವುದು ಪ್ರವಚನದ ಗಂಟೆಯಲ್ಲ, ಮನೆಮನೆಯ ರೊಟ್ಟಿ ಬಡಿಯುವ ಸಪ್ಪಳ. ನಾಗರ ಪಂಚಮಿಯ ಮುನ್ನಾದಿನ, ಕೆಲವು ಊರುಗಳಲ್ಲಿ ಅದಕ್ಕೂ ಒಂದು ದಿನ ಮೊದಲು, ರೊಟ್ಟಿ ಹಬ್ಬ. ಇದನ್ನೇ ರೊಟ್ಟಿ ಪಂಚಮಿ ಎಂದೂ ಕರೆಯುವರು. ವಿಜಯಪುರ, ಬಾಗಲಕೋಟೆ, ಗದಗ, ಧಾರವಾಡ, ಕೊಪ್ಪಳ ಸೀಮೆಯ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅನ್ಯಪ್ರಾಂತದ ಬಂಧುಗಳಿಗಾಗಿ ಎರಡು ಮಾತು ಹೇಳುವುದು ಉಚಿತ.

ಈ ಹಬ್ಬಕ್ಕೆ ದೇವರ ಮೂರ್ತಿಯಿಲ್ಲ, ಮುಹೂರ್ತವಿಲ್ಲ, ಪುರೋಹಿತರ ಅಗತ್ಯವೂ ಇಲ್ಲ. ಮನೆಯಲ್ಲಿ ಜೋಳದ ಮತ್ತು ಸಜ್ಜೆಯ ರೊಟ್ಟಿಗಳನ್ನು ಹಲವು ದಿನ ಮೊದಲೇ ಬಡಿದು, ಬೇಯಿಸಿ, ಕಟಕಟಿಯಾಗುವಂತೆ ಒಣಗಿಸಿ ಬುಟ್ಟಿಯಲ್ಲಿ ಪೇರಿಸಿ ಇಡುತ್ತಾರೆ. ಹಬ್ಬದ ದಿನ ಎಣ್ಣೆಗಾಯಿ ಬದನೆ, ಮಡಿಕೆ ಕಾಳು, ಹೆಸರು ಕಾಳು, ಪುಂಡಿ ಪಲ್ಯ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಕೆನೆಮೊಸರು ಇವುಗಳಲ್ಲಿ ಅವರವರ ಶಕ್ತಿಗೆ ತಕ್ಕಷ್ಟನ್ನು ಸಿದ್ಧಪಡಿಸುತ್ತಾರೆ. ಬಳಿಕ ಒಂದು ತಾಟಿನಲ್ಲಿ ನಾಲ್ಕು ರೊಟ್ಟಿ, ಅವುಗಳ ಮೇಲೆ ಪಲ್ಯ-ಚಟ್ನಿಗಳನ್ನಿಟ್ಟು, ಬಟ್ಟೆ ಮುಚ್ಚಿ, ಓಣಿಯ ಮನೆಗಳಿಗೆ ಹಂಚುತ್ತಾರೆ. ಆ ಮನೆಗಳವರೂ ತಮ್ಮ ರೊಟ್ಟಿಯನ್ನು ಅದೇ ತಾಟಿನಲ್ಲಿಟ್ಟು ಮರಳಿ ಕಳಿಸುತ್ತಾರೆ. ಸಂಜೆಯ ಹೊತ್ತಿಗೆ ಪ್ರತಿ ಮನೆಯ ಬುಟ್ಟಿಯಲ್ಲೂ ಓಣಿಯ ಎಲ್ಲ ಮನೆಗಳ ರೊಟ್ಟಿ ಕೂಡಿರುತ್ತದೆ. ಹಬ್ಬವೆಂದರೆ ಇಷ್ಟೇ.

ಮರುದಿನದ ಪಂಚಮಿಗೆ ಉಂಡಿಗಳ ವೈಭವ. ಎಳ್ಳು, ಶೇಂಗಾ, ಪುಟಾಣಿ, ಅರಳು ಹೀಗೆ ಬಗೆಬಗೆಯ ಉಂಡಿ ಕಟ್ಟಿ, ತವರಿಗೆ ಬಂದ ಹೆಣ್ಣುಮಕ್ಕಳಿಗೆ ಉಡಿ ತುಂಬಿ ಕೊಡುತ್ತಾರೆ. ಮರಕ್ಕೆ ಜೋಕಾಲಿ ಕಟ್ಟುತ್ತಾರೆ. ಉಂಡಿಯ ಸವಿಯನ್ನು ಎಲ್ಲರೂ ನೆನೆಯುವರು. ನಮ್ಮ ಮನಸ್ಸು ಮಾತ್ರ ಅದರ ಹಿಂದಿನ ದಿನದ ಬಡ ರೊಟ್ಟಿಯಲ್ಲೇ ನಿಲ್ಲುತ್ತದೆ. ಉಂಡಿ ಕರುಳಬಳ್ಳಿಯವರಿಗೆ ಸಲ್ಲುವ ಕಾಣಿಕೆ. ರೊಟ್ಟಿ ನೆರೆಯವರಿಗೆ ಸಲ್ಲುವ ಕಾಣಿಕೆ. ಮಗಳಿಗೆ ಕೊಡಲು ಯಾರೂ ಕಲಿಸಬೇಕಾಗಿಲ್ಲ. ನೆರೆಯವರಿಗೆ ಕೊಡಲು, ಅದಕ್ಕಿಂತ ಮಿಗಿಲಾಗಿ ನೆರೆಯವರಿಂದ ಕೊಳ್ಳಲು, ಅಭ್ಯಾಸ ಬೇಕು. ಆ ಅಭ್ಯಾಸಕ್ಕೆಂದೇ ನಮ್ಮ ಹಿರಿಯರು ವರ್ಷದಲ್ಲಿ ಒಂದು ದಿನವನ್ನು ತೆಗೆದಿರಿಸಿದಂತೆ ತೋರುತ್ತದೆ.

ಈ ರೊಟ್ಟಿಯಲ್ಲಿ ಅಡಗಿರುವ ಶ್ರಮವನ್ನು ಗಂಡಸರಾದ ನಾವು ಅರಿತಿರುವುದು ಅಲ್ಪ. ಗೋಧಿಗೆ ಇರುವ ಅಂಟು ಜೋಳಕ್ಕಾಗಲಿ ಸಜ್ಜೆಗಾಗಲಿ ಇಲ್ಲ. ಕುದಿಯುವ ನೀರು ಸುರಿದು ಹಿಟ್ಟನ್ನು ಅರೆಬೇಯಿಸಿದಾಗ ಮಾತ್ರ ಅದಕ್ಕೆ ಜಿಗಿ ಬರುತ್ತದೆ. ಸುಡುವ ಆ ಹಿಟ್ಟನ್ನೇ ಅಂಗೈಯಿಂದ ನಾದಬೇಕು. ಹಿಟ್ಟು ಹಳತಾದರೆ ರೊಟ್ಟಿಯ ಅಂಚು ಬಿರಿಯುತ್ತದೆ. ಆದ್ದರಿಂದ ಆಗಾಗ ಹೊಸದಾಗಿ ಬೀಸಬೇಕು. ಬಡಿಯುವಾಗ ಕೈ ಒಂದೇ ಹದದಲ್ಲಿ ತಿರುಗಬೇಕು. ಹಂಚಿನ ಮೇಲೆ ಹಾಕಿದೊಡನೆ ಮೇಲ್ಮೈಗೆ ನೀರು ಸವರಿ, ಹೊತ್ತು ನೋಡಿ ಮಗುಚಿ, ಕೆಂಡದ ಬಳಿ ಒರಗಿಸಿ, ಒಳಗಿನ ತೇವವೆಲ್ಲ ಹೋಗುವವರೆಗೆ ಕಾಯಬೇಕು. ಸಜ್ಜೆಯ ರೊಟ್ಟಿಗೆ ಎಳ್ಳನ್ನು ಒತ್ತುವುದು ಬೇರೆ. ಹೀಗೆ ತೇವ ಕಳೆದುಕೊಂಡ ರೊಟ್ಟಿ ವಾರಗಟ್ಟಲೆ ಕೆಡದೆ ಉಳಿಯುತ್ತದೆ. ದೂರದ ಊರಿನಲ್ಲಿ ಓದುವ ಮಗನಿಗೆ ತಾಯಿಯು ಬಟ್ಟೆಯಲ್ಲಿ ಕಟ್ಟಿ ಕಳಿಸುತ್ತಿದ್ದ ಬುತ್ತಿಯೂ ಇದೇ. ಹೊಗೆ ತುಂಬಿದ ಅಡಿಗೆಮನೆಯಲ್ಲಿ ನೂರು ರೊಟ್ಟಿ ಬಡಿದ ಕೈಗಳಿಗೆ ಯಾವ ಗ್ರಂಥವೂ ಕಾಯಕದ ಅರ್ಥವನ್ನು ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಸಂಗತಿಯೂ ವಿಚಾರಾರ್ಹವಾಗಿದೆ. ಹಿಂಗಾರಿ ಬಿಳಿಜೋಳದ ಸುಗ್ಗಿ ಮಾಘ-ಫಾಲ್ಗುಣಗಳ ಹೊತ್ತಿಗೆ. ಸಜ್ಜೆಯ ಸುಗ್ಗಿ ಶ್ರಾವಣ ಕಳೆದ ಮೇಲೆ. ಶ್ರಾವಣವೆಂದರೆ ಹಗೇವಿನ ಕಾಳು ತಳ ಕಾಣುವ ಕಾಲ, ಹೊಸ ಬೆಳೆ ಇನ್ನೂ ಹೊಲದಲ್ಲಿ ಹಸಿರಾಗಿರುವ ಕಾಲ. ಸುಗ್ಗಿಯಲ್ಲಿ ತುಂಬಿದ ಕಣಜದಿಂದ ಕೊಡುವುದು ಸುಲಭ. ಕಣಜ ಬರಿದಾಗುತ್ತಿರುವಾಗ ಕೊಡುವ ಹಬ್ಬವನ್ನು ಇಟ್ಟುಕೊಂಡ ಜನರ ಎದೆಗಾರಿಕೆಯನ್ನು ಮೆಚ್ಚಬೇಕು. ಕಾಳು ತೀರಿದ ಮನೆಗೂ ಅಂದು ಹತ್ತು ಮನೆಯ ರೊಟ್ಟಿ ಸೇರುತ್ತಿತ್ತು. ಆ ಮನೆಯವರೂ ಒಂದೆರಡು ರೊಟ್ಟಿಯನ್ನಾದರೂ ಮರಳಿಸುತ್ತಿದ್ದುದರಿಂದ ಅವರು ಬೇಡಿದಂತೆ ಆಗುತ್ತಿರಲಿಲ್ಲ. ದಾನಕ್ಕೂ ದಾಸೋಹಕ್ಕೂ ಇರುವ ಅಂತರ ಇಲ್ಲಿ ಕಾಣುತ್ತದೆ. ದಾನದಲ್ಲಿ ಕೊಡುವ ಕೈ ಮೇಲೆ, ಕೊಳ್ಳುವ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸನು. ರೊಟ್ಟಿ ಹಬ್ಬದಲ್ಲಿ ಕೊಟ್ಟವರಾರು, ಕೊಂಡವರಾರು ಎಂಬುದೇ ಉಳಿಯುವುದಿಲ್ಲ.

ಆದರೆ ಸತ್ಯವನ್ನು ಮರೆಮಾಚಬಾರದು. ನಮ್ಮ ಬಾಲ್ಯದ ಊರಿನಲ್ಲಿ ಈ ತಾಟುಗಳು ಎಲ್ಲ ಬಾಗಿಲುಗಳಿಗೂ ಹೋಗುತ್ತಿರಲಿಲ್ಲ. ಓಣಿಯ ಕೊನೆಯಲ್ಲಿ ಅವುಗಳ ಪಯಣ ನಿಲ್ಲುತ್ತಿತ್ತು. ಅದರಾಚೆಯ ಕೇರಿಯ ಜನ ಹಬ್ಬದ ಮರುದಿನ ಬಂದು ಉಳಿದದ್ದನ್ನು ಕೇಳಿ ಒಯ್ಯುತ್ತಿದ್ದರು. ಕೊಡುವುದುಂಟು, ಅವರ ಮನೆಯದನ್ನು ಕೊಳ್ಳುವುದಿಲ್ಲ. ವಚನಗಳನ್ನು ನಿತ್ಯ ಪಠಿಸುವ ಮನೆಗಳಲ್ಲಿಯೂ ಇದೇ ರೀತಿ ನಡೆದಿತ್ತು.

1971ರ ಬೇಸಿಗೆಯಲ್ಲಿ ನಮ್ಮ ತಂದೆಯವರು ಲಿಂಗೈಕ್ಯರಾದರು. ನಮಗಾಗ ಹತ್ತು ವರ್ಷ. ಲಿಂಗವಂತರಿಗೆ ಪಂಚಸೂತಕಗಳಿಲ್ಲವೆಂದು ಶರಣರು ಸಾರಿದ್ದಾರೆ. ಸೂತಕವಿಲ್ಲವೆಂದ ಮಾತ್ರಕ್ಕೆ ಶೋಕ ಇಲ್ಲವಾಗುವುದಿಲ್ಲವಷ್ಟೆ. ಆ ಶ್ರಾವಣದಲ್ಲಿ ನಮ್ಮ ತಾಯಿಯವರು ಹಬ್ಬದ ಹಂಚು ಇಡಲಿಲ್ಲ. ದುಃಖದ ಮನೆಗೆ ಮೊದಲ ತಾಟು ಹೋಗಬೇಕೆಂಬುದು ಓಣಿಯ ಪದ್ಧತಿ. ಅದರಂತೆ ಬೆಳಗಿನಿಂದಲೇ ತಾಟುಗಳು ಬಂದವು. ನಮ್ಮ ತಾಯಿಯವರು ಪ್ರತಿ ತಾಟಿನಲ್ಲೂ ಒಂದು ಹಿಡಿ ಜೋಳವನ್ನಿಟ್ಟು ಮರಳಿಸಿದರು.

ಹೊತ್ತು ಇಳಿದ ಮೇಲೆ, ನಮ್ಮ ಹೊಲದಲ್ಲಿ ಹಲವು ವರ್ಷ ಕಳೆ ತೆಗೆದಿದ್ದ ಆಚೆ ಕೇರಿಯ ಹೆಣ್ಣುಮಗಳೊಬ್ಬಳು ಬಂದು ಕಟ್ಟೆಯ ಕೆಳಗೆ ನಿಂತಳು. ಸೆರಗಿನ ಮರೆಯಲ್ಲಿ ಎರಡು ಸಜ್ಜೆಯ ರೊಟ್ಟಿ, ಒಂದಿಷ್ಟು ಗುರೆಳ್ಳು ಚಟ್ನಿ. "ಯವ್ವಾ, ನೀವು ಉಣ್ತೀರೋ ಇಲ್ಲೋ ನನಗ ಗೊತ್ತಿಲ್ರಿ. ತರದ ಇರಾಕ ಮನಸ್ಸು ಒಪ್ಪಲಿಲ್ಲ" ಎಂದಳು. ನಮ್ಮ ತಾಯಿಯವರು ಎರಡೂ ಕೈಯೊಡ್ಡಿ ಇಸಿದುಕೊಂಡರು. ಒಳಗಿನಿಂದ ನಮ್ಮ ಆಯಿ, "ಇಸ್ಕೊಂಡದ್ದು ಆತು, ಮಕ್ಕಳಿಗೆ ಹಾಕಬ್ಯಾಡ" ಎಂದರು. ಅತ್ತೆಯ ಮಾತಿಗೆ ಎದುರಾಡದ ನಮ್ಮ ತಾಯಿಯವರು ಅಂದು, "ಅತ್ತೀ, ಆಕಿ ನಮ್ಮ ದುಃಖ ನೋಡಿ ತಂದಾಳ್ರಿ. ನಾವು ಆಕಿ ಜಾತಿ ನೋಡಿ ಬಿಡೂದು ಹ್ಯಾಂಗ್ರಿ?" ಎಂದು ಕೇಳಿ, ಆ ರೊಟ್ಟಿಯನ್ನು ಮುರಿದು ನಮಗೂ ತಂಗಿಗೂ ಕೊಟ್ಟು, ಉಳಿದುದನ್ನು ತಾವು ಉಂಡರು. ಆ ತಾಟಿನಲ್ಲಿಯೂ ಎಲ್ಲರ ತಾಟಿನಲ್ಲಿಟ್ಟಂತೆ ಒಂದು ಹಿಡಿ ಜೋಳ ಇಟ್ಟರು. ಮರುವರ್ಷ ಹಬ್ಬಕ್ಕೆ ಹಂಚು ಇಟ್ಟಾಗ ತಾವೇ ತಾಟು ಹಿಡಿದು ಆ ಕೇರಿಗೆ ಹೋದರು. ಆಕೆಯ ಮನೆಯ ಕಟ್ಟೆಯ ಮೇಲೆ ಕುಳಿತು, ನೀರು ಕೇಳಿ ಕುಡಿದು ಬಂದರು.

ಇದರ ಫಲವನ್ನೂ ಉಣ್ಣಬೇಕಾಯಿತು. ಓಣಿಯ ಎರಡು ಮನೆಗಳವರು ನಮ್ಮ ಮನೆಗೆ ತಾಟು ಕಳಿಸುವುದನ್ನು ನಿಲ್ಲಿಸಿದರು. ಗಂಡನಿಲ್ಲದ ಮನೆಗೆ ನೆರೆಹೊರೆಯ ಮುನಿಸು ಎಷ್ಟು ಭಾರವೆಂಬುದನ್ನು ಬಲ್ಲವರೇ ಬಲ್ಲರು. ನಮ್ಮ ತಾಯಿಯವರು ಜಗಳವಾಡಲಿಲ್ಲ, ಉಪದೇಶ ಹೇಳಲಿಲ್ಲ. ಆ ಎರಡು ಮನೆಗಳಿಗೆ ತಮ್ಮ ತಾಟನ್ನು ಎಂದಿನಂತೆ ಕಳಿಸಿದರು. ತಾಟು ಬರಿದಾಗಿ ಮರಳಿತು. ಮರುವರ್ಷವೂ ಕಳಿಸಿದರು, ಮತ್ತೆ ಬರಿದಾಗಿ ಬಂತು. ಮೂರನೆಯ ವರ್ಷ ಒಂದು ಮನೆಯಿಂದ ರೊಟ್ಟಿ ಬಂತು, ಆಮೇಲೆ ಇನ್ನೊಂದರಿಂದಲೂ ಬಂತು. ಅವರು ಅಕ್ಷರಜ್ಞಾನವಿಲ್ಲದವರು. ನಾವು ಮುಂದೆ ಷಟ್‌ಸ್ಥಲದ ಮೇಲೆ ಎಷ್ಟೋ ಟೀಕೆಗಳನ್ನು ಓದಿದೆವು, ಬರೆದೆವು. ಭಕ್ತಸ್ಥಲದ ಮಾತು ಬಂದಾಗಲೆಲ್ಲ ನಮ್ಮ ಕಣ್ಣ ಮುಂದೆ ಬರುವುದು ಅವರು ಚಾಚಿದ ಆ ಎರಡು ಕೈಗಳು.

ಅವರು ಮಾಡಿದ್ದರ ಪೂರ್ಣಾರ್ಥ ನಮಗೆ ಹೊಳೆದುದು ಮಠದಲ್ಲಿ. ತಂದೆಯಿಲ್ಲದ ಹುಡುಗರಿಗೆ ಅನ್ನ-ಅಕ್ಷರಗಳನ್ನಿತ್ತು ಸಲಹಿದ ಮಠವೊಂದರಲ್ಲಿ ನಾವು ಬೆಳೆದೆವು. ಕಂತಿಭಿಕ್ಷೆಗೆಂದು ಜೋಳಿಗೆ ಹಾಕಿಕೊಂಡು ಮನೆಮನೆಗೆ ಹೋಗುತ್ತಿದ್ದೆವು. ಒಂದು ಮನೆಯಲ್ಲಿ ಬಿಳಿಜೋಳದ ತೆಳುವಾದ ರೊಟ್ಟಿ, ಒಂದು ಮನೆಯಲ್ಲಿ ದಪ್ಪ ಸಜ್ಜೆಯ ರೊಟ್ಟಿ, ಮತ್ತೊಂದು ಮನೆಯಲ್ಲಿ ಅರ್ಧ ರೊಟ್ಟಿ. ಮಠಕ್ಕೆ ಬಂದೊಡನೆ ಎಲ್ಲವನ್ನೂ ಒಂದೇ ಬುಟ್ಟಿಗೆ ಸುರಿಯುತ್ತಿದ್ದೆವು. ಪಂಕ್ತಿಯಲ್ಲಿ ಕುಳಿತಾಗ ಎಲೆಗೆ ಬಂದ ತುಂಡು ಉಳ್ಳವರ ಮನೆಯದೋ ಇಲ್ಲದವರ ಮನೆಯದೋ, ಯಾವ ಜಾತಿಯವರದೋ, ಯಾರಿಗೆ ಗೊತ್ತು? ಬುಟ್ಟಿಗೆ ಬಿದ್ದ ಮೇಲೆ ಅದು ಪ್ರಸಾದ. ನಾಗರದ ಪ್ರತಿಮೆಗೆ ಹಾಲೆರೆದು ಹಸಿದು ಬಂದ ಜಂಗಮನನ್ನು ಅಟ್ಟುವ ವೈರುಧ್ಯವನ್ನು ಬಸವಣ್ಣನವರು ಬಯಲಿಗಿಟ್ಟಿದ್ದು ಇದಕ್ಕಾಗಿಯೇ ಅಲ್ಲವೆ? ಇಂದು ಹಲವೆಡೆ ಪಂಚಮಿಯನ್ನು ಬಸವ ಪಂಚಮಿಯೆಂದು ಆಚರಿಸಿ ಮಕ್ಕಳಿಗೆ ಹಾಲು ಕೊಡುತ್ತಿರುವುದು ಸ್ತುತ್ಯವಾದ ಕಾರ್ಯ.

ಮನೆಯ ರೊಟ್ಟಿ ಮಠದ ಬುಟ್ಟಿಯಲ್ಲಿ ಕೂಡುವ ದೊಡ್ಡ ರೂಪವನ್ನು ಈಗಲೂ ಕಾಣಬಹುದು. ಗದಗ ಜಿಲ್ಲೆಯ ಡಂಬಳದ ತೋಂಟದಾರ್ಯ ಮಠದ ಜಾತ್ರೆಯು ರೊಟ್ಟಿ ಜಾತ್ರೆಯೆಂದೇ ಹೆಸರಾಗಿದೆ; ಜಾತಿ-ಮತಗಳ ಭೇದವಿಲ್ಲದೆ ಜನ ರೊಟ್ಟಿ ತಂದು ಒಪ್ಪಿಸುತ್ತಾರೆ, ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಣ ಹಳ್ಳಿಗಳ ತಾಯಂದಿರು ತಮ್ಮ ತಮ್ಮ ಮನೆಗಳಲ್ಲಿ ಬಡಿದ ರೊಟ್ಟಿಗಳು ಲಕ್ಷಗಟ್ಟಲೆ ಬಂದು ಸೇರುತ್ತವೆ. ಓಣಿಯ ತಾಟು ಊರೂರುಗಳಿಗೆ ವಿಸ್ತರಿಸಿದ ಪರಿಯಿದು.

ಈಗ ಕಾಲ ಬದಲಾಗಿದೆ. ವಿಶ್ವಸಂಸ್ಥೆಯು 2023ನೆಯ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ಘೋಷಿಸಿದ ಮೇಲಂತೂ ಜೋಳ-ಸಜ್ಜೆಗಳಿಗೆ ಪಟ್ಟಣಗಳಲ್ಲಿ ಹೊಸ ಗೌರವ ಬಂದಿದೆ. ಖಡಕ್ ರೊಟ್ಟಿಯ ಕಟ್ಟುಗಳು ಬೆಂಗಳೂರಿನ ಅಂಗಡಿಗಳಲ್ಲಿ ದೊರೆಯುತ್ತವೆ. ಹೊರದೇಶದ ಮಕ್ಕಳ ಪೆಟ್ಟಿಗೆಯನ್ನೂ ಸೇರುತ್ತವೆ. ಕೊಂಡು ತಂದ ರೊಟ್ಟಿಯನ್ನು ಹಳಿಯುವವರೊಡನೆ ನಾವು ದನಿಗೂಡಿಸುವುದಿಲ್ಲ. ಅದನ್ನು ಬಡಿದವಳೂ ಒಬ್ಬ ತಾಯಿಯೇ. ಎಷ್ಟೋ ಬಡ ಹೆಣ್ಣುಮಕ್ಕಳು ರೊಟ್ಟಿ ಬಡಿದು ಮಾರಿ ಮಕ್ಕಳನ್ನು ಓದಿಸಿದ್ದಾರೆ. ಅದು ಸತ್ಯಶುದ್ಧ ಕಾಯಕ. ನಮ್ಮ ಚಿಂತೆ ಬೇರೆ. ಮೊದಲು ಓಣಿಯ ತುದಿಯಲ್ಲಿ ನಿಲ್ಲುತ್ತಿದ್ದ ತಾಟು ಈಗ ನಮ್ಮದೇ ಹೊಸ್ತಿಲಲ್ಲಿ ನಿಂತಿದೆ. ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿದ್ದೂ ಪಕ್ಕದವರ ಹೆಸರು ತಿಳಿಯದೆ ಬಾಳುತ್ತಿದ್ದೇವೆ. ಹಂಚು ತಣ್ಣಗಾದುದು ದೊಡ್ಡ ನಷ್ಟವಲ್ಲ. ನೆರೆಯವರ ಬಾಗಿಲಿಗೆ ಹೋಗುವ ಕಾಲು ತಣ್ಣಗಾದುದೇ ನಷ್ಟ.

ಆದುದರಿಂದ ಪ್ರಿಯ ಓದುಗರಲ್ಲಿ ನಮ್ಮ ವಿನಂತಿ ಇಷ್ಟೆ. ಬರುವ ಪಂಚಮಿಗೆ ನೂರು ರೊಟ್ಟಿ ಬೇಡ, ಹತ್ತನ್ನಾದರೂ ನಿಮ್ಮ ಮನೆಯಲ್ಲೇ ಬಡಿಯಿರಿ. ಸೊಸೆಯೊಬ್ಬಳನ್ನೇ ಒಲೆಯ ಮುಂದೆ ಕೂರಿಸಿ ಉಳಿದವರು ಜೋಕಾಲಿಯಾಡುವುದು ತರವಲ್ಲ. ಗಂಡುಮಕ್ಕಳೂ ಹಿಟ್ಟು ನಾದಲಿ, ಅಂಗೈ ಸ್ವಲ್ಪ ಸುಟ್ಟುಕೊಳ್ಳಲಿ. ರೊಟ್ಟಿ ಓರೆಕೋರೆಯಾದರೆ ನಾಚಬೇಡಿ. ತಾಟನ್ನು ಮಕ್ಕಳ ಕೈಗೆ ಕೊಟ್ಟು ಕಳಿಸಿ. ಮನೆಮನೆಯ ಬಾಗಿಲು ಅವರಿಗೆ ಪರಿಚಯವಾಗಲಿ. ದುಃಖದ ಮನೆಗೆ ಮೊದಲ ತಾಟು ಸಲ್ಲಲಿ. ಇದುವರೆಗೆ ಎಂದೂ ಹೋಗದ ಒಂದು ಮನೆಗೆ ಕೊನೆಯ ತಾಟು ಸಲ್ಲಲಿ. ಅವರು ಏನನ್ನಾದರೂ ಮರಳಿ ಕೊಟ್ಟರೆ ಮನೆಗೆ ತಂದು, ಎಲ್ಲರೂ ಕೂಡಿ ಕುಳಿತು ಉಣ್ಣಿರಿ. ಕೊಡುವುದರಿಂದ ಅರ್ಧ ಹಬ್ಬವಾಗುತ್ತದೆ. ಅವರದನ್ನು ಉಂಡಾಗಲೇ ಅದು ಪೂರ್ಣವಾಗುತ್ತದೆ.