ಒಲ್ಲದ ವೀರನ ಪಯಣ

1916ರಲ್ಲಿ ಫ್ರಾನ್ಸಿನ ಸೋಮ್ ರಣರಂಗವನ್ನು ಯೋಧನಾಗಿ ಕಂಡ ಆಂಗ್ಲ ಲೇಖಕ ಜೆ. ಆರ್. ಆರ್. ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಎಂಬ ಅದ್ಭುತರಮ್ಯ ಕಾದಂಬರಿ 1954-55ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಅದರ ನಾಯಕ ಫ್ರೋಡೋ ಹುಟ್ಟು ವೀರನಲ್ಲ; ತನ್ನೂರಿನಲ್ಲೇ ಸಂತೃಪ್ತನಾಗಿದ್ದ ಗಿಡ್ಡ ದೇಹದ ಹಾಬಿಟ್. 50ರ ವಯಸ್ಸಿನಲ್ಲಿ ಒಲ್ಲದ ಮನಸ್ಸಿನಿಂದಲೇ ಆತ ಹೊರಟನು. ಕಥಾನಾಯಕರು ಸಾಮಾನ್ಯವಾಗಿ ನಿಧಿಯನ್ನೋ ರಾಜ್ಯವನ್ನೋ ಗಳಿಸಲು ಹೊರಡುವರು. ಈತನಾದರೋ ಕೈಸೇರಿದ ಮಹಾಶಕ್ತಿಯ ಉಂಗುರವನ್ನು ಅಗ್ನಿಪರ್ವತದಲ್ಲಿ ತ್ಯಜಿಸಲು ಹೊರಟವನು.

ಆ ಉಂಗುರದ ಬೆನ್ನುಹತ್ತಿದ್ದ ಗೊಲ್ಲಮ್‌ನನ್ನು ಹಿರಿಯನಾದ ಬಿಲ್ಬೋ ಹಿಂದೆಯೇ ಕೊಲ್ಲಬೇಕಿತ್ತೆಂದು ಫ್ರೋಡೋ ಮೊದಲು ನುಡಿದಿದ್ದನು. ದಾರಿಯಲ್ಲಿ ಆ ದೀನಜೀವಿಯನ್ನು ಕಣ್ಣಾರೆ ಕಂಡಾಗ ಅವನಲ್ಲಿ ಕರುಣೆ ಹುಟ್ಟಿತು, ಕೊಲ್ಲದೆ ಬಿಟ್ಟನು. ಕಡೆಗೆ ಅಗ್ನಿಕುಂಡದ ಅಂಚಿನಲ್ಲಿ ಫ್ರೋಡೋನ ಸಂಕಲ್ಪವೇ ಕುಸಿಯಿತು. ಉಂಗುರ ತನ್ನದೆಂದು ಸಾರಿ ಆತ ಅದನ್ನು ಬೆರಳಿಗೆ ತೊಟ್ಟನು. ಅದನ್ನು ಕಿತ್ತುಕೊಂಡು, ಹರ್ಷದಲ್ಲಿ ಕಾಲುಜಾರಿ, ಅದರೊಡನೆ ಬೆಂಕಿಗೆ ಬಿದ್ದವನು ಗೊಲ್ಲಮ್. ಮನೋಬಲ ಕೈಬಿಟ್ಟಲ್ಲಿ ಹಿಂದೆ ತೋರಿದ ದಯೆಯೇ ಕೈಹಿಡಿಯಿತು.

ಊರಿಗೆ ಮರಳಿದಾಗ ಅಲ್ಲಿ ದುಷ್ಟರ ಹಾವಳಿ ಎದ್ದಿತ್ತು. ಕಾಳಗದಲ್ಲಿ ಫ್ರೋಡೋ ಖಡ್ಗವನ್ನು ಹಿರಿಯಲಿಲ್ಲ. ಆಯುಧ ಕೆಳಗಿಟ್ಟ ಶತ್ರುಗಳ ಹತ್ಯೆಯನ್ನು ತಡೆದನು. ಕೊಲ್ಲಬೇಕಿತ್ತೆಂದ ನಾಲಗೆಯೇ ಕೊಲ್ಲಬೇಡಿರೆನ್ನುವಷ್ಟು ದೂರ ಆತ ನಡೆದು ಬಂದಿದ್ದನು.