ಮುಂದೆ, ಕೆಳಗೆ, ಓರೆ

ಮೊನ್ನೆ ಬ್ರಿಸ್ಬೇನಿನ ನಮ್ಮ ಮನೆಯಲ್ಲಿ ಮಗ ಸ್ಟ್ರೀಟ್ ಫೈಟರ್ 6 ಆಡುತ್ತಿದ್ದ. ಎದುರಾಳಿ ಹಾರಿ ಬಂದ. ಇವನು ಮುಂದಕ್ಕೆ ತಳ್ಳಿ ಒಂದು ಗುಂಡಿ ಒತ್ತಿದ, ಅಷ್ಟೇ. ಮಗನ ಪಾತ್ರವಾದ ರಿಯು ಎದುರಾಳಿಯ ಗದ್ದಕ್ಕೆ ಗುದ್ದುತ್ತಾ ಮುಗಿಲಿಗೇರಿದ. ಶೋರಿಯುಕೆನ್!

"ಅದನ್ನು ಕಲಿಯೋಕೆ ನಂಗೆ ಒಂದು ಬೇಸಿಗೆ ಪೂರ್ತಿ ಬೇಕಾಯ್ತು ಕಣೋ" ಎಂದೆ.

"ಯಾಕಪ್ಪಾ, ಗುಂಡಿ ಕೆಟ್ಟಿತ್ತಾ?"

ಗುಂಡಿ ಚೆನ್ನಾಗಿಯೇ ಇತ್ತು. 1992ರ ಜನವರಿ, ಪರ್ತ್. ದಾವಣಗೆರೆಯಿಂದ ಬಂದು ವರ್ಷವೂ ತುಂಬಿರಲಿಲ್ಲ. ಪರ್ತ್‌ನಲ್ಲಿ ಮೂಲೆ ಅಂಗಡಿಗೆ ಡೆಲಿ ಅನ್ನುತ್ತಾರೆ. ಹಾಲು, ಪೇಪರು, ಆಲೂ ಚಿಪ್ಸ್. ಒಳಗಿನ ಗೋಡೆಗೊರಗಿ ಸ್ಟ್ರೀಟ್ ಫೈಟರ್ 2 ಆಟದ ಯಂತ್ರ. ಆಟದ ಯಂತ್ರಗಳ ಮಳಿಗೆ ಟೈಮ್‌ಝೋನ್ 1978ರಲ್ಲಿ ಹುಟ್ಟಿದ್ದು ಅದೇ ಊರಿನಲ್ಲಾದರೂ ನನ್ನ ಪಾಠಶಾಲೆ ಈ ಡೆಲಿ. ಕಾದ ಎಣ್ಣೆ, ವಿನೆಗರ್, ಯಂತ್ರದ ಬೆನ್ನಿನಲ್ಲಿ ಬಿಸಿಯಾದ ಧೂಳು, ಇವು ಮೂರೂ ಬೆರೆತ ವಾಸನೆ ಈಗ ಎಲ್ಲಿ ಮೂಗಿಗೆ ತಾಕಿದರೂ ನನ್ನ ಬಲಗೈ ತಾನಾಗಿ ಮುಷ್ಟಿಯಾಗುತ್ತದೆ.

ಗುರು ಒಬ್ಬನಿದ್ದ. ಮಲೇಷಿಯಾದಿಂದ ಬಂದ ಚೀನೀ ಮನೆತನದ ಹೈಸ್ಕೂಲು ಹುಡುಗ, ತೆಳ್ಳಗೆ, ಮಾತು ಕಡಿಮೆ. ನಾನು ಎಷ್ಟು ತಿರುಗಿಸಿದರೂ ಬೆಂಕಿಯುಂಡೆಯೇ ಹೊರಡುತ್ತಿತ್ತು. ಅವನು ಕರಾರು ಹಾಕಿದ: ನನ್ನ ಕಾಸಿನಲ್ಲಿ ಮೂರಾಟ ಅವನದು, ನಾಲ್ಕನೆಯದು ನನ್ನ ಪಾಠ. ಮಾತಿಗೆ ತಪ್ಪಲಿಲ್ಲ. ಕೋಲು ಹಿಡಿದ ನನ್ನ ಕೈಮೇಲೆ ಕೈಯಿಟ್ಟು ನಡೆಸಿದ. ಮುಂದೆ, ಕೆಳಗೆ, ಇವೆರಡರ ನಡುವಿನ ಓರೆ, ಅಲ್ಲೇ ಗುದ್ದು. ಏರುವ ಆ ಕ್ಷಣ ಯಾವ ಪೆಟ್ಟೂ ತಾಗದು. ಆದರೆ ಗುರಿ ತಪ್ಪಿದರೆ ಇಳಿಯುವಾಗ ಮೈಯೆಲ್ಲ ಬಯಲು. "ಕಾಯಿ" ಅನ್ನುತ್ತಿದ್ದ, "ಅವನು ಹಾರಲಿ."

ಗೆದ್ದಾಗ ರಿಯು ಪರದೆಯ ಮೇಲೆ ಶೆಂಗ್ ಲಾಂಗ್ ಎಂಬವನನ್ನು ಸೋಲಿಸಿ ಬಾ ಅನ್ನುತ್ತಿದ್ದ. ನಾವು ತಿಂಗಳುಗಟ್ಟಲೆ ಹುಡುಕಿದೆವು. ಅಂಥವನಿರಲೇ ಇಲ್ಲ. ಶೋರಿಯು ಎಂದು ಓದಬೇಕಾದ ಜಪಾನಿ ಅಕ್ಷರಗಳನ್ನು ಯಾರೋ ಚೀನೀ ಉಚ್ಚಾರದಲ್ಲಿ ಓದಿ, ಗುದ್ದನ್ನೇ ಮನುಷ್ಯನನ್ನಾಗಿಸಿದ್ದರು.

ಡೆಲಿ ಸ್ವರ್ಗವಾಗಿತ್ತು ಅಂದರೆ ಸುಳ್ಳಾಗುತ್ತದೆ. ದೊಡ್ಡ ಹುಡುಗರು ಕಾಸು ಕಸಿದರು, ಮೈಬಣ್ಣ ಹಿಡಿದು ಆಡಿಕೊಂಡರು. ಹುಡುಗಿಯರು ಒಳಗೆ ನಿಲ್ಲುವಂತೆಯೇ ಇರಲಿಲ್ಲ. ನಾನು ಅಮ್ಮನ ಪರ್ಸಿನಿಂದ ಡಾಲರು ಕದ್ದೆ. ಹುಡುಕಿಕೊಂಡು ಬಂದ ಅಪ್ಪ ಹಿಂದೆ ನಿಂತು ಸುಮ್ಮನೆ ನೋಡಿದರು. ದಾವಣಗೆರೆಯ ಗರಡಿ ಮನೆಯ ಮಣ್ಣು ಮೆತ್ತಿಕೊಂಡ ಮೈ ಅವರದು. "ಏಳೋಕಿಂತ ಮುಂಚೆ ಕೂರ್ತಾನಲ್ಲ, ಅದು ಸರಿ ಐತಿ" ಅಂದರು. ಏಟು ಬಿದ್ದಿದ್ದು ಮನೆಗೆ ಹೋದ ಮೇಲೆ.

ಓದಲು ಅಡಿಲೇಡಿಗೆ ಹೋದಾಗ ಹಿಂಡ್ಲೀ ಸ್ಟ್ರೀಟಿನಲ್ಲಿ ಯಂತ್ರಗಳು ಇನ್ನೂ ಉಸಿರಾಡುತ್ತಿದ್ದವು. ಗಾಜಿನ ಅಂಚಿಗೆ ನಾಣ್ಯವಿಟ್ಟರೆ ಮುಂದಿನ ಸರದಿ ನಿನ್ನದು, ಯಾರೂ ಮುಟ್ಟುತ್ತಿರಲಿಲ್ಲ. ಸರಿಯಾದ ಹೊತ್ತಿಗೆ ಶೋರಿಯುಕೆನ್ ಬಿದ್ದರೆ ಹೆಸರೇ ಗೊತ್ತಿಲ್ಲದವರು ಬೆನ್ನು ತಟ್ಟುತ್ತಿದ್ದರು. ಆಮೇಲೆ ಪ್ಲೇಸ್ಟೇಷನ್ ಮನೆಮನೆಗೆ ಬಂತು, ಬೆನ್ನ ಹಿಂದಿನ ಜನ ಕರಗಿದರು. ಈಗ ಬ್ರಿಸ್ಬೇನಿನ ಮಾಲುಗಳಲ್ಲಿ ಕಾರ್ಡು ಉಜ್ಜಿ ಗೊಂಬೆ ಎತ್ತುವ ಯಂತ್ರಗಳು. ಅಲ್ಲಿ ಕಾಸು ಹೋಗುತ್ತದೆ, ಕೈಗೆ ಏನೂ ಬರುವುದಿಲ್ಲ. ಅದನ್ನು ಆಟವೆನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಮಗ ಆಡುತ್ತಿದ್ದ, 2023ರಲ್ಲಿ ಬಂದ ಈ ಹೊಸ ಆಟದಲ್ಲಿ ಒಂದೇ ಗುಂಡಿಯ ದಾರಿ ಹಿಡಿದರೆ ಪೆಟ್ಟಿನ ಬಲ ಶೇ. 20ರಷ್ಟು ತಗ್ಗುತ್ತದೆ. ಮಗನಿಗೆ ಅದನ್ನು ಹೇಳಿದೆ. ಹಳೆಯ ದಾರಿಗೆ ಬದಲಿಸಿಕೊಂಡ. ಬೆಂಕಿಯುಂಡೆ. ಮತ್ತೆ ಬೆಂಕಿಯುಂಡೆ. ಅವನ ಹೆಬ್ಬೆರಳ ಮೇಲೆ ನನ್ನ ಬೆರಳಿಟ್ಟೆ.

"ಬಿಡಪ್ಪಾ" ಎಂದು ಕೈ ಸರಿಸಿದ, "ನಾನೇ ಮಾಡ್ತೀನಿ."