ಸಂಗಮದ ಮೆಟ್ಟಿಲ ಮೇಲೆ

ಕೃಷ್ಣೆ, ಮಲಪ್ರಭೆಯರು ಕೂಡುವ ಕೂಡಲಸಂಗಮಕ್ಕೆ ನಾವು ಮಕ್ಕಳೊಡನೆ ಹೋದದ್ದು ಬೇಸಿಗೆಯ ರಜೆಯಲ್ಲಿ. ನಾರಾಯಣಪುರ ಜಲಾಶಯದ ಹಿನ್ನೀರು ಇಲ್ಲಿಯವರೆಗೂ ಹಬ್ಬುವುದರಿಂದ ಬಸವಣ್ಣನವರ ಐಕ್ಯಮಂಟಪವನ್ನು ಸುತ್ತಲೂ ಎತ್ತರದ ಗೋಡೆ ಕಟ್ಟಿ ಕಾಪಾಡಿದ್ದಾರೆ. ಬಾವಿಗಿಳಿದಂತೆ ಮೆಟ್ಟಿಲಿಳಿದು ದರ್ಶನ ಪಡೆಯಬೇಕು. ಹೊರಗಿನ ನೀರು ಎಷ್ಟು ಎತ್ತರಕ್ಕೆ ನಿಲ್ಲಬಲ್ಲುದೆಂಬುದು ನಮಗೆ ಅರಿವಾದದ್ದು ಆ ಆಳದಲ್ಲಿಯೇ.

ದಂಡೆಗೆ ಬಂದೊಡನೆ ಅದನ್ನು ಮರೆತೆವು. ಮೊಳಕಾಲುದ್ದ ನೀರಿನಲ್ಲಿ ನಿಂತಿದ್ದ ನಮ್ಮ ತಮ್ಮನ 10 ವರ್ಷದ ಮಗ ಒಂದು ಹೆಜ್ಜೆ ಮುಂದಿಟ್ಟ. ಕಾಲಡಿಯ ಕೆಸರು ಕುಸಿಯಿತು. ಕೂಗಲಿಲ್ಲ, ಕೈ ಬೀಸಲಿಲ್ಲ. ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟದಲ್ಲಿ ಮುಳುಗಿ ಏಳುತ್ತಿತ್ತು. ನಾವು ಆಟವೆಂದೇ ಎಣಿಸಿದೆವು. ಮುಳುಗುವವರಿಗೆ ಉಸಿರಾಡಲೇ ಬಿಡುವಿಲ್ಲ, ಇನ್ನು ಕೂಗುವುದೆಲ್ಲಿ!

ತಮ್ಮ ಧುಮುಕಲು ಹೊರಟ. ಅವನಿಗೂ ಈಜು ಬಾರದು. “ನೀವು ಇಳೀಬ್ಯಾಡ್ರೀ ಅಣ್ಣಾರ!” ಎಂದು ಬಟ್ಟೆ ಹಿಂಡುತ್ತಿದ್ದ ತಾಯಿಯೊಬ್ಬರು ತಡೆದು, ಮೆಟ್ಟಿಲ ಮೇಲೆ ಕುಳಿತು, ಕೈಯಲ್ಲಿದ್ದ ಸೀರೆಯ ತುದಿಯನ್ನು ಹುಡುಗನತ್ತ ಎಸೆದರು. ಎರಡನೆಯ ಸಲಕ್ಕೆ ಅದು ಅವನ ಕೈಗೆ ಸಿಕ್ಕಿತು. ಎಲ್ಲರೂ ಸೇರಿ ಎಳೆದೆವು.

ಉಳಿದ ಮಕ್ಕಳನ್ನು ಮೇಲಿನ ಮೆಟ್ಟಿಲಲ್ಲಿಯೇ ಕೂರಿಸಿ ತಂಬಿಗೆಯಿಂದ ನೀರು ಹೊಯ್ದೆವು. ಊರಿಗೆ ಮರಳಿದ ವಾರದಲ್ಲಿಯೇ, ಈಜು ಬಲ್ಲ ಹಿರಿಯರೊಬ್ಬರ ಕಾವಲಿನಲ್ಲಿ, ತಂದೆ ಮಗ ಇಬ್ಬರೂ ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿಕೊಂಡು ತೋಟದ ಬಾವಿಗಿಳಿದರು.